ಗುಂಡಿ ಒತ್ತಿದ್ದು ಮುಂಬೈಗೆ ಹೋಗಿ ಬರುವಷ್ಟರಲ್ಲಿ

"ಮನೆಯಲ್ಲಿ 200 ಎಂಬಿಪಿಎಸ್ ಇದೆ, ಆದರೂ ಕ್ಲೌಡ್ ಗೇಮ್ ಏಕೆ ತಡವರಿಸುತ್ತದೆ?" ನೆಟ್‌ವರ್ಕ್ ಕೆಲಸದಲ್ಲಿರುವ ನಮ್ಮಂಥವರಿಗೆ ಇದು ಮಾಮೂಲಿ ಪ್ರಶ್ನೆ. ಕೇಳುವವರು ಅದರ ಬೆನ್ನಿಗೇ ಇನ್ನೊಂದು ಮಾತು ಸೇರಿಸುತ್ತಾರೆ: ಅದೇ ಟಿವಿಯಲ್ಲಿ ಯೂಟ್ಯೂಬ್ 4ಕೆ ಸಲೀಸಾಗಿ ಓಡುತ್ತದೆ. ಉತ್ತರ ಆ ಎರಡನೇ ಮಾತಿನಲ್ಲೇ ಇದೆ. ಕ್ಲೌಡ್ ಗೇಮ್‌ನಲ್ಲಿ ಆಟ ಓಡುವುದು ದೂರದ ಸರ್ವರ್‌ನಲ್ಲಿ; ನೀವು ಒತ್ತಿದ ಗುಂಡಿಯ ಸುದ್ದಿ ಅಲ್ಲಿಗೆ ಹೋಗಿ, ಚಿತ್ರ ಮನೆಗೆ ಬರುತ್ತದೆ. ಸಿನಿಮಾದ ಮುಂದಿನ ದೃಶ್ಯ ಎಂದೋ ಸಿದ್ಧವಾಗಿರುತ್ತದೆ; ಟಿವಿ ಅದನ್ನು ಮೊದಲೇ ಇಳಿಸಿಟ್ಟುಕೊಂಡು ನಿಶ್ಚಿಂತೆಯಿಂದ ಇರುತ್ತದೆ. ಆಟದ ಮುಂದಿನ ಫ್ರೇಮ್, ಅಂದರೆ ಪರದೆಯ ಮುಂದಿನ ಚಿತ್ರ, ನೀವು ಗುಂಡಿ ಒತ್ತುವ ತನಕ ಹುಟ್ಟಿಯೇ ಇರುವುದಿಲ್ಲ. ಇಲ್ಲದ್ದನ್ನು ಕೂಡಿಡುವುದು ಹೇಗೆ?

ಸೆಕೆಂಡಿಗೆ 60 ಫ್ರೇಮ್ ಓಡುವ ಆಟದಲ್ಲಿ ಒಂದು ಫ್ರೇಮಿನ ಆಯುಷ್ಯ 16.7 ಮಿಲಿಸೆಕೆಂಡ್. ಫೈಬರ್‌ನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಆಟದ ಸರ್ವರ್ ಮುಂಬೈಯಲ್ಲಿದೆ, ಬೆಂಗಳೂರಿನಿಂದ ಅಲ್ಲಿಗೆ ಕೇಬಲ್ ದಾರಿ ಸಾವಿರ ಕಿಲೋಮೀಟರ್ ಎಂದಿಟ್ಟುಕೊಂಡರೆ ಹೋಗಿ ಬರಲು 10 ಮಿಲಿಸೆಕೆಂಡ್ ಬೇಕು. ನಡುವಿನ ರೂಟರುಗಳನ್ನೂ ದಾರಿಯ ಸುತ್ತುಬಳಸನ್ನೂ ಸೇರಿಸಿದರೆ 20-30 ಎಂದು ಹಿಡಿಯಬಹುದು. ಸರ್ವರ್‌ನಲ್ಲಿ ಚಿತ್ರದ ಡೇಟಾವನ್ನು ಕುಗ್ಗಿಸಲು, ಮನೆಯಲ್ಲಿ ಮತ್ತೆ ಹಿಗ್ಗಿಸಲು ಇನ್ನೊಂದಿಷ್ಟು ಹೋಗುತ್ತದೆ. ಇದೆಲ್ಲ ಭಯಪಡುವಂಥದ್ದಲ್ಲ. ಸೆಕೆಂಡಿಗೆ 30 ಫ್ರೇಮಿನ ಎಷ್ಟೋ ಆಟಗಳು ಪಕ್ಕದಲ್ಲೇ ಕುಳಿತ ಕನ್ಸೋಲ್‌ನಲ್ಲೂ ಗುಂಡಿಗೆ ಉತ್ತರ ಕೊಡಲು 100 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತವೆ, ಆಡುವವರು ದೂರುವುದಿಲ್ಲ.

ನಂಬಿಕೆ ಬಾರದಿದ್ದರೆ ನೀವೇ ಅಳೆಯಬಹುದು. ಮೊಬೈಲ್ ಕ್ಯಾಮೆರಾವನ್ನು ಸೆಕೆಂಡಿಗೆ 240 ಫ್ರೇಮಿನ ಸ್ಲೋ ಮೋಷನ್‌ಗೆ ಇಟ್ಟು, ಹೆಬ್ಬೆರಳು ಮತ್ತು ಪರದೆ ಎರಡೂ ಕಾಣುವಂತೆ ಚಿತ್ರಿಸಿ. ಗುಂಡಿ ತಳಮುಟ್ಟಿದ ಫ್ರೇಮಿನಿಂದ ಪರದೆಯ ಮೇಲಿನ ಪಾತ್ರ ಕದಲುವ ಫ್ರೇಮಿನವರೆಗೆ ಎಣಿಸಿ, ನಾಲ್ಕರಿಂದ ಗುಣಿಸಿ. ಹೆಚ್ಚುಕಡಿಮೆ ಅಷ್ಟು ಮಿಲಿಸೆಕೆಂಡ್. ಆಮೇಲೆ ಟಿವಿಯ ಗೇಮ್ ಮೋಡ್ ಚಾಲೂ ಮಾಡಿ ಮತ್ತೆ ಎಣಿಸಿ. ಚಿತ್ರವನ್ನು ಚಂದಗಾಣಿಸುವ ಹುಮ್ಮಸ್ಸಿನಲ್ಲಿ ಕೆಲವು ಟಿವಿಗಳು ಮುಂಬೈ ಪ್ರಯಾಣಕ್ಕಿಂತ ಹೆಚ್ಚು ಸಮಯ ತಿನ್ನುತ್ತವೆ.

ಕುಗ್ಗಿಸುವ ಕೆಲಸದ ಕಷ್ಟ ಬೇರೆ ಬಗೆಯದು. 1080ಪಿ ಚಿತ್ರ ಸೆಕೆಂಡಿಗೆ 60 ಫ್ರೇಮ್ ಎಂದರೆ ಹಸಿ ರೂಪದಲ್ಲಿ ಸುಮಾರು 3 ಗಿಗಾಬಿಟ್. ಅದನ್ನು 20 ಮೆಗಾಬಿಟ್‌ಗೆ ಇಳಿಸಬೇಕು, ಅಂದರೆ ಪ್ರತಿ ಫ್ರೇಮಿಗೆ 40 ಕಿಲೋಬೈಟ್ ಆಸುಪಾಸು. ಸಿನಿಮಾ ಕುಗ್ಗಿಸುವ ಎನ್‌ಕೋಡರ್ ಮುಂದಿನ ಫ್ರೇಮುಗಳನ್ನು ನೋಡಿಕೊಂಡು ಎಲ್ಲಿ ಉಳಿಸಬೇಕು, ಎಲ್ಲಿ ಖರ್ಚು ಮಾಡಬೇಕು ಎಂದು ಹಂಚುತ್ತದೆ. ಆಟದ ಎನ್‌ಕೋಡರ್‌ಗೆ ಆ ಭಾಗ್ಯವಿಲ್ಲ. ಹುಲ್ಲು, ಮಳೆ, ಕತ್ತಲು ಬಂದಾಗ ಚಿತ್ರ ಚೌಕಚೌಕವಾಗಿ ಒಡೆಯುವುದು ಇದರಿಂದಲೇ. ದಾರಿಯಲ್ಲಿ ಪ್ಯಾಕೆಟ್ (ಡೇಟಾದ ಪುಟ್ಟ ಕಟ್ಟು) ಕಳೆದುಹೋದರೆ ಇನ್ನೊಮ್ಮೆ ಕಳುಹಿಸಿ ಎಂದು ಕೇಳುವಷ್ಟರಲ್ಲಿ ಅದರ ಫ್ರೇಮ್ ಹಳಸಿರಬಹುದು. ಹಾಗಾಗಿ ಒಂದಿಷ್ಟು ಹೆಚ್ಚುವರಿ ಪ್ಯಾಕೆಟ್‌ಗಳನ್ನು ಮೊದಲೇ ಜೊತೆಗೆ ಕಳುಹಿಸುವುದು ರೂಢಿ.

ನನ್ನ ಅನುಭವದಲ್ಲಿ ಆಟ ಕೆಡುವುದು ಹೆಚ್ಚಾಗಿ ಕೊನೆಯ ಹತ್ತು ಮೀಟರಿನಲ್ಲಿ. ಅಪಾರ್ಟ್‌ಮೆಂಟ್ ಒಂದರಲ್ಲಿ ಹತ್ತಾರು ವೈಫೈಗಳು 2.4 ಗಿಗಾಹರ್ಟ್ಸ್‌ನಲ್ಲಿ ಕಿತ್ತಾಡುತ್ತಿರುತ್ತವೆ. ಅಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಇರುವುದೇ ಮೂರು. ಅದಕ್ಕಿಂತ ಕಪಟಿಯಾದದ್ದು ರೂಟರ್‌ನೊಳಗಿನ ಸಾಲು. ಮನೆಯಲ್ಲಿ ಯಾರದೋ ಮೊಬೈಲ್ ಮದುವೆಯ ಫೋಟೊಗಳನ್ನು ಬ್ಯಾಕಪ್‌ಗೆ ಏರಿಸಲು ಶುರುಮಾಡುತ್ತದೆ. ರೂಟರ್ ಒಂದನ್ನೂ ಬಿಸಾಡದೆ ಎಲ್ಲವನ್ನೂ ಸಾಲಿನಲ್ಲಿ ನಿಲ್ಲಿಸಿಕೊಳ್ಳುತ್ತದೆ. ನಿಮ್ಮ ಗುಂಡಿಯ ಪುಟ್ಟ ಪ್ಯಾಕೆಟ್ ಆ ಸಾಲಿನ ಬಾಲದಲ್ಲಿ ನಿಂತು, 25 ಮಿಲಿಸೆಕೆಂಡ್ ಇದ್ದ ಪಿಂಗ್, ಅಂದರೆ ಹೋಗಿ ಬರುವ ಸಮಯ, 300ಕ್ಕೆ ಜಿಗಿಯುತ್ತದೆ. ಸ್ಪೀಡ್ ಟೆಸ್ಟ್ ಮಾತ್ರ 200 ಎಂಬಿಪಿಎಸ್ ಎಂದೇ ಹೇಳುತ್ತದೆ. ಇದಕ್ಕೆ ಬಫರ್‌ಬ್ಲೋಟ್ ಎನ್ನುತ್ತಾರೆ. ಸಾಲು ಬೆಳೆಯದಂತೆ ನೋಡಿಕೊಳ್ಳುವ ಕೋಡೆಲ್ ಎಂಬ ವಿಧಾನ 2012ರಲ್ಲೇ ಬಂದಿದೆ. ಇಂಟರ್‌ನೆಟ್ ಸಂಪರ್ಕದ ಜೊತೆ ಕೊಡುವ ಅಗ್ಗದ ಪೆಟ್ಟಿಗೆಗಳಲ್ಲಿ ಅದನ್ನು ಹುಡುಕಬೇಡಿ. ಚಂದಾ ಕಟ್ಟುವ ಮೊದಲು ರಾತ್ರಿ ಒಂಬತ್ತಕ್ಕೆ, ಯಾರಾದರೂ ದೊಡ್ಡ ಫೈಲ್ ಏರಿಸುತ್ತಿರುವಾಗ ಪಿಂಗ್ ಓಡಿಸಿ, ಸರಾಸರಿಯನ್ನು ಬಿಟ್ಟು ಗರಿಷ್ಠವನ್ನು ನೋಡಿ. ಸಾಧ್ಯವಿದ್ದರೆ ಕೇಬಲ್ ಎಳೆಯಿರಿ. ಮೊಬೈಲ್ ಡೇಟಾದಲ್ಲಿ ಆಡುವ ಆಸೆಯಿದ್ದರೆ ಒಂದು ಲೆಕ್ಕ: 20 ಎಂಬಿಪಿಎಸ್ ಹರಿವಿಗೆ ದಿನದ 2 ಜಿಬಿ ಮುಗಿಯಲು ಹದಿಮೂರು ನಿಮಿಷ ಸಾಕು.

ಹಾಗಾದರೆ ತಾಂತ್ರಿಕವಾಗಿ ಇದು ಸಾಧ್ಯವೇ? 2010ರಲ್ಲಿ ಅಮೆರಿಕದಲ್ಲಿ ಆನ್‌ಲೈವ್ ಎಂಬ ಕ್ಲೌಡ್ ಗೇಮ್ ಸೇವೆ ಶುರುವಾದಾಗಲೇ ಸಾಧ್ಯವಾಗಿತ್ತು. ಅದು ಎರಡೇ ವರ್ಷದಲ್ಲಿ ಮುಗ್ಗರಿಸಿತು, 2015ರಲ್ಲಿ ಮುಚ್ಚಿತು. 2019ರ ನವೆಂಬರಿನಲ್ಲಿ ಬಂದ ಗೂಗಲ್ ಸ್ಟೇಡಿಯಾದ ಕಂಟ್ರೋಲರ್ ನಡುವಿನ ಸಾಧನವನ್ನು ಬಿಟ್ಟು ವೈಫೈ ಮೂಲಕ ನೇರವಾಗಿ ಸರ್ವರ್‌ಗೇ ಮಾತಾಡುತ್ತಿತ್ತು, ಎಂಜಿನಿಯರಿಂಗ್ ಚೊಕ್ಕವಾಗಿತ್ತು. ಅದೂ 2023ರ ಜನವರಿಯಲ್ಲಿ ಬಾಗಿಲು ಹಾಕಿತು. ಆಟಗಳ ಕೊರತೆ, ಮಾರಾಟದ ರೀತಿ ಎಂದು ಕಾರಣಗಳು ಹಲವು. ನನ್ನ ಕಣ್ಣಿಗೆ ಬೀಳುವುದು ಯಂತ್ರಗಳ ಲೆಕ್ಕ.

ಒಂದು ಸಿನಿಮಾ ಫೈಲನ್ನು ಒಂದೇ ಸರ್ವರ್ ಸಾವಿರಾರು ಮನೆಗೆ ಹಂಚಬಲ್ಲದು. ಆಟದಲ್ಲಿ ಪ್ರತಿಯೊಬ್ಬರಿಗೂ ಗ್ರಾಫಿಕ್ಸ್ ಚಿಪ್‌ನ ಪಾಲು ಬೇರೆ ಬೇಕು, ಅದೂ ಎಲ್ಲರಿಗೂ ರಾತ್ರಿ ಎಂಟರಿಂದ ಹನ್ನೊಂದರ ನಡುವೆಯೇ ಬೇಕು. ಬೆಳಗಿನ ಜಾವ ಅಷ್ಟೂ ಯಂತ್ರಗಳು ಕೆಲಸವಿಲ್ಲದೆ ಕುಳಿತಿರುತ್ತವೆ. ಬೇರೆ ಕ್ಲೌಡ್ ಕೆಲಸವನ್ನು ಆಗ ಹಗಲಿರುವ ದೇಶದಿಂದ ತರಿಸಿ ತುಂಬಬಹುದು. ಕ್ಯಾಲಿಫೋರ್ನಿಯಾದ ಆಟಗಾರನನ್ನು ಮುಂಬೈ ಯಂತ್ರಕ್ಕೆ ಕೂರಿಸಲಾಗದು: ಸುಮಾರು 13-14 ಸಾವಿರ ಕಿಲೋಮೀಟರ್ ನೇರ ದೂರಕ್ಕೆ ಬೆಳಕು ಹೋಗಿ ಬರುವ ಪ್ರಯಾಣವೇ 130 ಮಿಲಿಸೆಕೆಂಡ್ ದಾಟುತ್ತದೆ. ವಿಳಂಬ ತರುವ ಅದೇ ದೂರ ಯಂತ್ರವನ್ನು ಹಂಚಿಕೊಳ್ಳಲೂ ಬಿಡುವುದಿಲ್ಲ. ಗುಜರಾತಿನಿಂದ ಅಸ್ಸಾಂವರೆಗೆ ಒಂದೇ ಗಡಿಯಾರ ನೋಡುವ ನಮ್ಮ ದೇಶದಲ್ಲಿ ಈ ದಟ್ಟಣೆ ಇನ್ನೂ ಬಿಗಿ. ಚಿಪ್ ಕಂಪನಿ ಎನ್‌ವಿಡಿಯಾದ ಕ್ಲೌಡ್ ಗೇಮ್ ಸೇವೆ ಜಿಫೋರ್ಸ್ ನೌ ಉಚಿತವಾಗಿ ಆಡುವವರನ್ನು ಸರದಿಯಲ್ಲಿ ನಿಲ್ಲಿಸುವುದು, ಹಣ ಕೊಟ್ಟವರಿಗೂ ತಿಂಗಳಿಗೆ 100 ಗಂಟೆಯ ಮಿತಿ ಹಾಕಿರುವುದು ಇದೇ ಲೆಕ್ಕದ ಫಲ.