ಮನೆಗೆ ಬಾಡಿಗೆ ಇಲ್ಲ, ಹಣಕ್ಕೆ ಬಡ್ಡಿ ಇಲ್ಲ

ನಮ್ಮ ಅತ್ತಿಗೆ ಲಗ್ಗೆರೆಯಲ್ಲಿ 8 ಲಕ್ಷ ಕೊಟ್ಟು ಎರಡನೇ ಮಹಡಿಯ ಮನೆಯನ್ನು ಭೋಗ್ಯಕ್ಕೆ ಹಾಕಿಸಿಕೊಂಡಾಗ ಬರೆಸಿದ ಕರಾರು ನನ್ನ ಮುಂದಿದೆ. ಇ-ಸ್ಟಾಂಪ್ ಕಾಗದ, ಅಂಚಿಗೆ ನೋಟರಿ ಮೊಹರು. ಹಾಳಾಗದಿರಲಿ ಎಂದು ಲ್ಯಾಮಿನೇಷನ್ ಬೇರೆ ಮಾಡಿಸಿದ್ದಾರೆ. ಅದರ ನಾಲ್ಕನೇ ಷರತ್ತು ಹೀಗಿದೆ: 'ಸದರಿ ಮನೆಗೆ ಬಾಡಿಗೆ ಇರುವುದಿಲ್ಲ, ಸದರಿ ಹಣಕ್ಕೆ ಬಡ್ಡಿ ಇರುವುದಿಲ್ಲ.' ಮೂರು ವರ್ಷದ ಅವಧಿ ಮುಗಿದು ಏಳು ತಿಂಗಳಾಯಿತು, ವಾಪಸ್ ಬರಬೇಕಾದ ಆ 8 ಲಕ್ಷ ಬಂದಿಲ್ಲ. ಕೇಳಿದಾಗಲೆಲ್ಲ ಓನರ್ ಹೇಳುವುದು ಒಂದೇ: 'ಇನ್ನೊಂದು ಪಾರ್ಟಿ ಬರ್ಲಿ ತಾಯಿ, ಅವ್ರು ಕೊಟ್ಟ ದಿನಾನೇ ನಿಮ್ದು ಸೆಟ್ಲ್ ಮಾಡ್ತೀನಿ.'

ಅತ್ತಿಗೆ ತಮ್ಮನ್ನು ಬಾಡಿಗೆದಾರರೆಂದೇ ತಿಳಿದಿದ್ದಾರೆ. ಲೆಕ್ಕ ಹಾಕಿ ನೋಡಿದರೆ ಅವರು ಸಾಲ ಕೊಟ್ಟವರು. ಅದೇ ಕಟ್ಟಡದಲ್ಲಿ ಅಂಥದ್ದೇ ಮನೆಗೆ ತಿಂಗಳ ಬಾಡಿಗೆ 9,000. ವರ್ಷಕ್ಕೆ 1,08,000 ಆಯಿತು. 8 ಲಕ್ಷಕ್ಕೆ ಅದು ಶೇ 13.5ರ ಬಡ್ಡಿ. ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟರೆ ಶೇ 6ರಿಂದ 7ರ ಆಸುಪಾಸು ಸಿಗುತ್ತದೆ. ಓನರ್ ಅದೇ ಹಣವನ್ನು ಫೈನಾನ್ಸಿನವರ ಹತ್ತಿರ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿಯಂತೆ ತಂದಿದ್ದರೆ ವರ್ಷಕ್ಕೆ ಶೇ 36 ಕಟ್ಟಬೇಕಿತ್ತು. ಇಬ್ಬರಿಗೂ ಲಾಭ ಕಾಣುವುದರಿಂದಲೇ ಈ ಪದ್ಧತಿ ಬೆಂಗಳೂರಿನ ಗಲ್ಲಿಗಲ್ಲಿಗೂ ಹಬ್ಬಿತು.

ಭೋಗ್ಯ ಹುಟ್ಟಿದ್ದು ಹೊಲದಲ್ಲಿ. ಮಗಳ ಮದುವೆಗೋ ಬರಗಾಲಕ್ಕೋ ದುಡ್ಡು ಬೇಕಾದಾಗ ರೈತ ಗದ್ದೆಯನ್ನು ಭೋಗ್ಯಕ್ಕೆ ಹಾಕುತ್ತಿದ್ದ. ದುಡ್ಡು ಕೊಟ್ಟವನು ಉತ್ತು ಬೆಳೆದುಕೊಳ್ಳುತ್ತಿದ್ದ, ಬೆಳೆಯೇ ಬಡ್ಡಿ. ಅಸಲು ತಿರುಗಿಸಿದ ದಿನ ಗದ್ದೆ ವಾಪಸ್. ಇದು ಎಷ್ಟು ಹಳೆಯದೆಂದರೆ, ಫಲ ಉಣ್ಣಲು ಕೊಟ್ಟ ಅಡಮಾನ ಎಂದೂ ಮುಳುಗದು ಎಂಬ ನಿಯಮ ಯಾಜ್ಞವಲ್ಕ್ಯ ಸ್ಮೃತಿಯಲ್ಲೇ ಇದೆ. ಆ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮ ಕಲ್ಯಾಣದವನೇ, ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದವನು.

1882ರ ಸ್ವತ್ತು ವರ್ಗಾವಣೆ ಕಾಯ್ದೆ ಈ ರೂಢಿಯನ್ನು ಸ್ವಾಧೀನದ ಅಡಮಾನವೆಂದು 58ನೇ ಕಲಮಿನಲ್ಲಿ ಸೇರಿಸಿಕೊಂಡಿತು. ಮುಂದಿನ ಕಲಮಿನಲ್ಲಿ ಒಂದು ಷರತ್ತು ಹಾಕಿತು: 100 ರೂಪಾಯಿ ಮೇಲಿನ ಇಂಥ ಅಡಮಾನ ನೋಂದಣಿಯಾಗಬೇಕು, ಇಬ್ಬರು ಸಾಕ್ಷಿಗಳಿರಬೇಕು. ಅತ್ತಿಗೆಯ ಕಾಗದ ಸಬ್ ರಿಜಿಸ್ಟ್ರಾರ್ ಆಫೀಸಿನ ಮೆಟ್ಟಿಲು ಹತ್ತಿಯೇ ಇಲ್ಲ. ನೋಂದಣಿ ಮಾಡಿಸಿದರೆ ಶುಲ್ಕವೇ ದೊಡ್ಡ ಮೊತ್ತವಾಗುತ್ತದೆ, ಓನರ್ ಒಪ್ಪುವುದಿಲ್ಲ, ಬ್ರೋಕರ್ 'ಎಲ್ಲರೂ ಹೀಗೇ ಮಾಡೋದು' ಅನ್ನುತ್ತಾನೆ. ನೋಟರಿ ಮೊಹರನ್ನೇ ಜನ ನೋಂದಣಿ ಎಂದು ನಂಬಿಬಿಡುತ್ತಾರೆ. ನನಗೆ ಅತ್ಯಂತ ಸಂಕಟ ತರುವುದು ಇದೇ.

ಹೊಲದ ಪದ್ಧತಿ ಮನೆಗೆ ಬಂದದ್ದಕ್ಕೆ ಈ ಊರು ಬೆಳೆದ ರೀತಿಯೂ ಕಾರಣ. 1976ರಲ್ಲಿ ಹುಟ್ಟಿದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಕೊಟ್ಟ ಸೈಟುಗಳು ಬೇಡಿಕೆಗೆ ಯಾವತ್ತೂ ಸಾಲಲಿಲ್ಲ. ಜನ ಸುತ್ತಲಿನ ಹಳ್ಳಿಗಳಲ್ಲಿ ರೆವಿನ್ಯೂ ಸೈಟು, ಅಂದರೆ ಬಡಾವಣೆಯ ಅನುಮೋದನೆಯಿಲ್ಲದ ಹೊಲದ ಜಾಗ ಕೊಂಡರು. 2007ರಲ್ಲಿ 110 ಹಳ್ಳಿಗಳು ಆಗಿನ ಮಹಾನಗರ ಪಾಲಿಕೆ ಬಿಬಿಎಂಪಿಗೆ ಸೇರಿದವು, ಕಾಗದ ಪಕ್ಕಾ ಇಲ್ಲದ ಸ್ವತ್ತುಗಳಿಗೆ ಬಿ ಖಾತಾ ಎಂಬ ಹೆಸರು ಬಿತ್ತು. ಅಂಥ ಜಾಗಕ್ಕೆ ಬ್ಯಾಂಕ್ ಸಾಲ ಸಿಗುವುದು ಕಷ್ಟ. ಆಗ 30x40 ಸೈಟಿನ ಮಾಲೀಕ ಕಂಡುಕೊಂಡ ದಾರಿ ಭೋಗ್ಯ. ನೆಲಮಹಡಿಯನ್ನು ಲೀಸ್‌ಗೆ (ಭೋಗ್ಯಕ್ಕೆ ಈಗಿನವರು ಅನ್ನುವುದು ಹಾಗೆ) ಕೊಟ್ಟು ಮೊದಲನೇ ಮಹಡಿಯ ಮೋಲ್ಡ್ ಹಾಕಿಸುವುದು, ಅದನ್ನು ಲೀಸ್‌ಗೆ ಕೊಟ್ಟು ಎರಡನೆಯದಕ್ಕೆ ಕೈ ಹಾಕುವುದು. ಬಂದ ದುಡ್ಡೆಲ್ಲ ಸಿಮೆಂಟು ಕಂಬಿಯಾಗಿ ನಿಂತಿರುತ್ತದೆ. ಹಳಬರಿಗೆ ಕೊಡಬೇಕಾದ್ದು ಹೊಸಬರಿಂದಲೇ ಬರಬೇಕು.

ಮಾರುಕಟ್ಟೆ ಏರುತ್ತಿರುವವರೆಗೆ ಇದು ನಡೆಯುತ್ತದೆ. 2016ರ ನವೆಂಬರ್ 8ರ ನೋಟು ರದ್ದತಿ ಕೈಯಿಂದ ಕೈಗೆ ಓಡಾಡುತ್ತಿದ್ದ ನಗದನ್ನು ನಿಲ್ಲಿಸಿತು. 2018ರಲ್ಲಿ ಐಎಲ್ ಅಂಡ್ ಎಫ್‌ಎಸ್ ಎಂಬ ದೊಡ್ಡ ಹಣಕಾಸು ಸಂಸ್ಥೆ ಕುಸಿದ ಮೇಲೆ ಫೈನಾನ್ಸ್ ಕಂಪನಿಗಳು ರಿಯಲ್ ಎಸ್ಟೇಟಿಗೆ ಕೈ ಬಿಗಿಹಿಡಿದವು. 2020ರ ಲಾಕ್‌ಡೌನಿನಲ್ಲಿ ಜನ ಗಂಟುಮೂಟೆ ಕಟ್ಟಿ ಊರಿಗೆ ಹೊರಟರು. ಹೊಸ ಪಾರ್ಟಿಯೇ ಇಲ್ಲವೆಂದ ಮೇಲೆ ಹಳಬರ ದುಡ್ಡು ಎಲ್ಲಿಂದ ಬರಬೇಕು?

ಅದಕ್ಕಿಂತ ಕೆಟ್ಟದ್ದು ಗೇಟಿಗೆ ಬ್ಯಾಂಕಿನ ನೋಟಿಸ್ ಅಂಟುವುದು. ಓನರ್ ಪತ್ರಗಳನ್ನು ಮೊದಲೇ ಬ್ಯಾಂಕಿನಲ್ಲಿಟ್ಟು ಸಾಲ ತೆಗೆದಿರುತ್ತಾನೆ. 90 ದಿನ ಕಂತು ಬಾಕಿಯಾದರೆ ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲ ಆಗುತ್ತದೆ. ಆಮೇಲೆ ಬ್ಯಾಂಕುಗಳ ಸಾಲ ವಸೂಲಿಗಿರುವ 2002ರ ಸರ್ಫೇಸಿ ಕಾಯ್ದೆಯಡಿ 60 ದಿನದ ನೋಟಿಸ್, ನಂತರ ಜಪ್ತಿ, ಹರಾಜು. ಬ್ಯಾಂಕಿನ ಅಡಮಾನಕ್ಕೂ ಮೊದಲೇ ಕಾನೂನುಬದ್ಧವಾಗಿ ಆದ ಬಾಡಿಗೆ ಕರಾರಿಗೆ ರಕ್ಷಣೆಯುಂಟು ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ವರ್ಷ ಮೀರಿದ ಅವಧಿಗೆ ನೋಂದಾಯಿತ ಪತ್ರ ಬೇಕು. ಲ್ಯಾಮಿನೇಷನ್ ಮಾಡಿದ ಕಾಗದ ಹಿಡಿದವರು ಅಲ್ಲಿ ಸೋಲುತ್ತಾರೆ. ಪತ್ರ ಠೇವಣಿಯಿಟ್ಟು ತೆಗೆದ ಸಾಲ ಇಸಿಯಲ್ಲಿ (ಋಣಭಾರ ಪತ್ರದಲ್ಲಿ) ಕಾಣದೆಯೂ ಇರಬಹುದು. ಅಂಥ ಅಡಮಾನಗಳ ದಾಖಲೆಗೆಂದೇ 2011ರಿಂದ ಸೆರ್ಸಾಯ್ ಎಂಬ ಕೇಂದ್ರ ನೋಂದಣಿ ಇದೆ. ಸ್ವಲ್ಪ ಶುಲ್ಕ ಕಟ್ಟಿ ಯಾರು ಬೇಕಾದರೂ ಹುಡುಕಬಹುದು. ಇದನ್ನು ಹೇಳುವ ಬ್ರೋಕರನ್ನು ನಾನಂತೂ ಕಂಡಿಲ್ಲ.

ಇತ್ತೀಚೆಗೆ ನಡುವೆ ಕಂಪನಿಗಳು ಬಂದಿವೆ. ಮಾಲೀಕರಿಂದ ತಿಂಗಳ ಬಾಡಿಗೆಗೆ ಮನೆ ಹಿಡಿದು, ಅದನ್ನೇ ಬೇರೆಯವರಿಗೆ ಲಕ್ಷಗಟ್ಟಲೆ ಹಣಕ್ಕೆ ಲೀಸ್‌ಗೆ ಕೊಟ್ಟು, ಕೆಲವು ತಿಂಗಳಾದ ಮೇಲೆ ಬಾಡಿಗೆ ನಿಲ್ಲಿಸಿ ಮಾಯವಾದ ಪ್ರಕರಣಗಳು ನಗರದ ಠಾಣೆಗಳಲ್ಲಿ ದಾಖಲಾಗಿವೆ. ದಕ್ಷಿಣ ಕೊರಿಯಾದಲ್ಲಿ ಜೊನ್ಸೆ ಎಂಬ ಇಂಥದ್ದೇ ಪದ್ಧತಿಯಿದೆ. ಅಲ್ಲಿ ಮೋಸ ಹೆಚ್ಚಿದಾಗ 2023ರಲ್ಲಿ ಸಂತ್ರಸ್ತರಿಗಾಗಿ ವಿಶೇಷ ಕಾನೂನೇ ಬಂತು. ಭೋಗ್ಯದಾರರಿಗೆಂದು ನಮ್ಮಲ್ಲೂ ಒಂದು ಬರಬೇಕು.

ಅತ್ತಿಗೆ ಮನೆ ಬಿಡುತ್ತಿಲ್ಲ. ವಕೀಲರು ಹೇಳಿದ್ದೂ ಅದನ್ನೇ. ನೋಂದಣಿಯಾದ ಭೋಗ್ಯವಿದ್ದರೂ ಮನೆ ಮಾರಿಸಿ ಹಣ ವಸೂಲಿ ಮಾಡುವ ಹಕ್ಕು ಭೋಗ್ಯದಾರನಿಗಿಲ್ಲ, 1882ರ ಅದೇ ಸ್ವತ್ತು ವರ್ಗಾವಣೆ ಕಾಯ್ದೆಯ 67ನೇ ಕಲಮು ಅದನ್ನು ತಡೆಯುತ್ತದೆ. ಅವನಿಗಿರುವುದು ಹಣ ಬರುವವರೆಗೆ ಕೂತಿರುವ ಬಲ. ಇವರಿಗೆ ಆ ಪತ್ರದ ಬಲವೂ ಇಲ್ಲ, ಇರುವುದು ಬೀಗದ ಕೈ ಮಾತ್ರ. ಹಣ ವಸೂಲಿಗೆ ದಾವೆ ಹೂಡಬಹುದು, ಅದಕ್ಕೆ ಮೂರು ವರ್ಷದ ಗಡುವು.

ಹೋದ ಭಾನುವಾರ ಓನರ್ ಒಂದು ಪಾರ್ಟಿಯನ್ನು ಕರೆತಂದರು. ಗಂಡ ಹೆಂಡತಿ, ಜೊತೆಗೊಂದು ಮಗು. ಗಂಡಸರು ಟೆರೇಸ್ ನೋಡಲು ಮೇಲೆ ಹೋದಾಗ ಆ ಹೆಣ್ಣುಮಗಳು ಅಡುಗೆಮನೆಯ ನಲ್ಲಿ ತಿರುಗಿಸುತ್ತಾ, 'ಅಕ್ಕಾ, ಮನೆ ಹೇಗೆ? ಓನರ್ ಹೇಗೆ?' ಎಂದು ಕೇಳಿದಳಂತೆ. ಅವಳು ದುಡ್ಡು ಕೊಟ್ಟರೆ ಅತ್ತಿಗೆಯ ದುಡ್ಡು ಬರುತ್ತದೆ.

'ಕಾವೇರಿ ನೀರು ಎರಡು ದಿನಕ್ಕೊಂದ್ಸಲ ಬರುತ್ತಮ್ಮಾ' ಎಂದಷ್ಟೇ ಹೇಳಿದರಂತೆ ಅತ್ತಿಗೆ.