ಬೀಗ ಯಾರದ್ದೆಂದು ತಿಳಿಯುವ ಮೊದಲು ಫಾರ್ಮ್ಯಾಟ್ ಮಾಡಿಸಬೇಡಿ

ಕಳೆದ ಮಳೆಗಾಲದಲ್ಲಿ ಆಲೂರು ಕಡೆಯ ರೈತರೊಬ್ಬರು ಮಗಳ ಲ್ಯಾಪ್‌ಟಾಪನ್ನು ಗೊಬ್ಬರದ ಚೀಲದಲ್ಲಿ ಸುತ್ತಿಕೊಂಡು, ಹಾಸನದ ಬಿ.ಎಂ. ರಸ್ತೆಯ ಪಕ್ಕದಲ್ಲಿರುವ ನನ್ನ ದುರಸ್ತಿ ಅಂಗಡಿಗೆ ಬಂದರು. 22 ಸಾವಿರ ರೂಪಾಯಿ ಕೊಟ್ಟು ಕೊಂಡ ಹಳೆಯ ಯಂತ್ರ ಅದು. ವಿದ್ಯಾರ್ಥಿವೇತನ ಜಮೆಯಾಗದಿರುವುದನ್ನು ಸರಿಪಡಿಸುತ್ತೇವೆಂದು ಯಾರೋ ಕರೆ ಮಾಡಿ, ದೂರದಿಂದಲೇ ಪರದೆಯನ್ನು ನಿಯಂತ್ರಿಸುವ ಆ್ಯಪ್ ಹಾಕಿಸಿ, ಆಕೆಯ ಕಣ್ಣೆದುರಿನಲ್ಲೇ ವಿಂಡೋಸ್ ಪಾಸ್‌ವರ್ಡ್ ಬದಲಿಸಿ, ಬಿಟ್ಟುಕೊಡಲು ಹಣ ಕೇಳಿದ್ದರು. ಊರಿನ ಹತ್ತಿರದ ಅಂಗಡಿಯೊಂದರಲ್ಲಿ ಪೆನ್‌ಡ್ರೈವ್ ಹಾಕಿ ತೆರೆಯಲು ಪ್ರಯತ್ನಿಸಿದ ಮೇಲೆ ಪರದೆ ಪೂರ್ತಿ ನೀಲಿಯಾಗಿ, 48 ಅಂಕಿಗಳ ರಿಕವರಿ ಕೀ ಕೇಳತೊಡಗಿತ್ತು. "ಸರ್, ಕಂಪ್ಯೂಟರ್ ಹೋದರೆ ಹೋಗಲಿ, ಮಗಳ ಪ್ರಾಜೆಕ್ಟ್ ರಿಪೋರ್ಟ್ ಒಂದು ಉಳಿಸಿಕೊಡಿ, ಮುಂದಿನ ವಾರ ಕಾಲೇಜಿಗೆ ಕೊಡಬೇಕು" ಎಂದರು.

ಆ ನೀಲಿ ಪರದೆಯನ್ನು ಹಾಕಿದ್ದು ವಂಚಕನಲ್ಲ. ಇದನ್ನು ಅವರಿಗೆ ಮನವರಿಕೆ ಮಾಡಿಕೊಡಲು ನನಗೆ ಬಹಳ ಹೊತ್ತು ಹಿಡಿಯಿತು. ಹ್ಯಾಕ್ ಆದ ಹಳೆಯ ಲ್ಯಾಪ್‌ಟಾಪ್ ತೆರೆಯದಿದ್ದಾಗ ಎಲ್ಲರೂ ಮೊದಲು ಕೇಳುವುದು ಅದನ್ನು ಹೇಗೆ ಒಡೆಯುವುದು ಎಂದು. ಮೊದಲು ಕೇಳಬೇಕಾದದ್ದು ಆ ಬೀಗ ಯಾರದ್ದು ಎಂದು. ವಂಚಕ ಹಾಕಿದ ಬೀಗ, ಹಳೆಯ ಮಾಲೀಕರು ಉಳಿಸಿಹೋದ ಬೀಗ, ಯಂತ್ರವೇ ತನ್ನ ರಕ್ಷಣೆಗಾಗಿ ಹಾಕಿಕೊಂಡ ಬೀಗ ಇವು ಬೇರೆ ಬೇರೆ, ಮತ್ತು ಒಂದರ ಕೀಲಿ ಇನ್ನೊಂದಕ್ಕೆ ಹತ್ತುವುದಿಲ್ಲ. ಈ ಹುಡುಗಿಯ ಯಂತ್ರದಲ್ಲಿ ಮೂರೂ ಒಟ್ಟಿಗೆ ಇದ್ದವು.

ನೀಲಿ ಪರದೆಯ ಹಿಂದಿರುವುದು ಬಿಟ್‌ಲಾಕರ್, ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನದೇ ವ್ಯವಸ್ಥೆ. ವಿಂಡೋಸ್ 10 ಮತ್ತು 11ರ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ, ಮೊದಲ ಬಾರಿಗೆ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದಾಗ, ಬಳಸುವವರ ಗಮನಕ್ಕೂ ಬಾರದಂತೆ ಡಿಸ್ಕ್ ಪೂರ್ತಿ ಎನ್‌ಕ್ರಿಪ್ಟ್ ಆಗುತ್ತದೆ, ಅಂದರೆ ಕೀಲಿಯಿಲ್ಲದೆ ಓದಲಾಗದಂತೆ ಬದಲಾಗುತ್ತದೆ, ಅದರ ರಿಕವರಿ ಕೀ ಆ ಖಾತೆಯಲ್ಲಿ ಜಮೆಯಾಗುತ್ತದೆ. ದಿನನಿತ್ಯದ ಬಳಕೆಯಲ್ಲಿ ಮದರ್‌ಬೋರ್ಡಿನ ಟಿಪಿಎಂ ಎಂಬ ಚಿಪ್ ಕೀಲಿಯನ್ನು ತಾನೇ ಒದಗಿಸುವುದರಿಂದ ಬೀಗವಿದೆ ಎಂಬುದೇ ತಿಳಿಯುವುದಿಲ್ಲ. ಆದರೆ ಬಯಾಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮೊದಲು ಓಡುವ ಯಂತ್ರದ ಮೂಲ ಸೆಟ್ಟಿಂಗ್‌ಗಳಲ್ಲಿ, ನಂಬಿಕಸ್ತ ತಂತ್ರಾಂಶದಿಂದ ಮಾತ್ರ ಯಂತ್ರ ಶುರುವಾಗಲು ಬಿಡುವ ಸೆಕ್ಯೂರ್ ಬೂಟ್ ಎಂಬ ಕಾವಲನ್ನು ತೆಗೆದರೆ ಆ ಚಿಪ್ ಯಂತ್ರವನ್ನು ಅಪರಿಚಿತವೆಂದು ಎಣಿಸಿ ಕೀಲಿ ಕೊಡಲು ನಿರಾಕರಿಸುತ್ತದೆ. ಹಿಂದಿನ ಅಂಗಡಿಯಲ್ಲಿ ಪೆನ್‌ಡ್ರೈವ್‌ನಿಂದ ಬೂಟ್ ಮಾಡಲೆಂದು ಮಾಡಿದ್ದೂ ಅದನ್ನೇ. ನಾನು ಸೆಕ್ಯೂರ್ ಬೂಟ್ ಮತ್ತೆ ಹಾಕಿದಾಗ ನೀಲಿ ಪರದೆ ಹೋಗಿ ವಿಂಡೋಸ್ ಪಾಸ್‌ವರ್ಡ್ ಕೇಳಿತು. ಹೊರಗಿನ ಬಾಗಿಲು ತೆರೆದರೂ ಒಳಗಿನದು ವಂಚಕನ ಕೈಯಲ್ಲೇ ಇತ್ತು.

ಇಲ್ಲಿ ವಿಂಡೋಸ್ ಪಾಸ್‌ವರ್ಡ್ ಅಳಿಸುವ ಪೆನ್‌ಡ್ರೈವ್ ಉಪಾಯ ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ಎನ್‌ಕ್ರಿಪ್ಟ್ ಆದ ಡಿಸ್ಕ್‌ನ ಒಳಗನ್ನು ಆ ಪೆನ್‌ಡ್ರೈವ್ ಓದಲಾರದು. ಫೈಲುಗಳನ್ನು ತೆಗೆಯಬೇಕಾದರೆ 48 ಅಂಕಿಗಳು ಬೇಕೇ ಬೇಕು. ಅವು ಆ ಹುಡುಗಿಯ ಖಾತೆಯಲ್ಲಿ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಮಾರಿದ ಅಂಗಡಿಯವರು ಯಂತ್ರವನ್ನು ಹೊಸದಾಗಿ ಇನ್‌ಸ್ಟಾಲ್ ಮಾಡದೆ, ಹಳೆಯ ಮಾಲೀಕರ ಖಾತೆಯ ಪಕ್ಕದಲ್ಲೇ ಇನ್ನೊಂದು ಖಾತೆ ತೆರೆದು ಅವಳಿಗೆ ಕೊಟ್ಟಿದ್ದರು. ಕೀಲಿ ಹಳೆಯ ಮಾಲೀಕರ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿತ್ತು. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಂಡವರಲ್ಲಿ ಹೆಚ್ಚಿನವರಿಗೆ ಇದು ಗೊತ್ತಿರುವುದಿಲ್ಲ, ಗೊತ್ತಿಲ್ಲದೆ ತಮ್ಮದೇ ಖಾತೆಯಲ್ಲಿ ದಿನಗಟ್ಟಲೆ ಹುಡುಕುತ್ತಾರೆ.

ಬಿಲ್ಲಿನ ಮೂಲಕ ಮಾರಿದ ಅಂಗಡಿಯನ್ನೂ, ಅಂಗಡಿಯ ಮೂಲಕ ಹಳೆಯ ಮಾಲೀಕರನ್ನೂ ಹುಡುಕಿದೆವು. ಅವರಿಗೆ ಪಾಸ್‌ವರ್ಡ್ ಕೇಳಲಿಲ್ಲ, ಕೇಳಲೂ ಬಾರದು. ರಿಕವರಿ ಪರದೆಯಲ್ಲಿ ಕಾಣುವ ಕೀ ಐಡಿಯ ಮೊದಲ 8 ಅಕ್ಷರಗಳನ್ನು ಓದಿ ಹೇಳಿದೆ. ಅವರು ತಮ್ಮ ಖಾತೆಯ ಪಟ್ಟಿಯಲ್ಲಿ ಅದೇ ಐಡಿ ಇರುವ ಸಾಲನ್ನು ಹುಡುಕಿ, ಆರಾರು ಅಂಕಿಗಳ ಎಂಟು ಗುಂಪುಗಳನ್ನು ಫೋನಿನಲ್ಲಿ ಓದಿದರು. ಪ್ರತಿ ಗುಂಪೂ 11ರಿಂದ ಭಾಗವಾಗುವಂತೆ ರಚಿತವಾಗಿರುವುದರಿಂದ ಕೇಳಿಸಿಕೊಂಡದ್ದರಲ್ಲಿ ತಪ್ಪಾದರೆ ಅಲ್ಲೇ ತಿಳಿಯುತ್ತದೆ. ಐದನೆಯ ಗುಂಪಿನಲ್ಲಿ 'ಎಪ್ಪತ್ತು' 'ಎಂಬತ್ತು' ಆಗಿದ್ದನ್ನು ಹಾಗೆಯೇ ಹಿಡಿದೆವು. ಫೈಲುಗಳಿರುವ ಡಿಸ್ಕನ್ನು (ಎಸ್‌ಎಸ್‌ಡಿ) ಬಿಚ್ಚಿ, ಇಂಟರ್‌ನೆಟ್ ಇಲ್ಲದ ನನ್ನ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ, ಆ ಕೀಲಿಯಿಂದ ತೆರೆದು, ಪ್ರಾಜೆಕ್ಟ್ ರಿಪೋರ್ಟನ್ನೂ ಫೋಟೋಗಳನ್ನೂ ಮಾತ್ರ ನಕಲು ಮಾಡಿಕೊಂಡೆ. ಪ್ರೋಗ್ರಾಂಗಳನ್ನು ಮುಟ್ಟಲಿಲ್ಲ, ಹೊರಗಿನವನು ಓಡಾಡಿದ ಮನೆಯ ಡಬ್ಬಿಗಳನ್ನು ಹಾಗೆಯೇ ಹೊಸ ಮನೆಗೆ ಒಯ್ಯಬಾರದು. ಹೀಗಾಗಿಯೇ, ವಿಂಡೋಸ್ ಪಾಸ್‌ವರ್ಡ್ ಮರಳಿ ಸಿಕ್ಕಿದ್ದರೂ ನಾನು ಡಿಸ್ಕ್ ಅಳಿಸಿ ಹೊಸದಾಗಿಯೇ ಇನ್‌ಸ್ಟಾಲ್ ಮಾಡುತ್ತಿದ್ದೆ. ವಿಂಡೋಸ್‌ನ ಡಿಜಿಟಲ್ ಪರವಾನಗಿ ಮದರ್‌ಬೋರ್ಡಿಗೆ ಅಂಟಿಕೊಂಡಿರುವುದರಿಂದ, ಅದೇ ಆವೃತ್ತಿ ಹಾಕಿದರೆ ಮತ್ತೆ ಕೀ ಕೊಳ್ಳಬೇಕಾಗಿಲ್ಲ.

ಹಳೆಯ ಮಾಲೀಕರು ಸಿಗದಿದ್ದರೆ ಡಿಸ್ಕ್ ಅಳಿಸಿ ಯಂತ್ರವನ್ನು ಬಳಕೆಗೆ ತರಬಹುದು, ಒಳಗಿದ್ದ ಫೈಲುಗಳು ಹೋದವೇ. ಇದನ್ನು ಮುಚ್ಚಿಟ್ಟು 'ಡೇಟಾ ತೆಗೆದುಕೊಡುತ್ತೇವೆ' ಎಂದು ಹಣ ಪಡೆಯುವವರ ಮೇಲೆ ನನಗೆ ನಿಜವಾದ ಸಿಟ್ಟಿದೆ.

ಇನ್ನು ಕೆಲವು ಬೀಗಗಳು ಡಿಸ್ಕ್ ಅಳಿಸಿದರೂ ಹೋಗುವುದಿಲ್ಲ. ಕಂಪನಿಗಳು ವಿಲೇವಾರಿ ಮಾಡಿದ ಲ್ಯಾಪ್‌ಟಾಪ್ ಇನ್‌ಸ್ಟಾಲ್ ಆದ ಕೂಡಲೇ ಆ ಕಂಪನಿಯ ಹೆಸರು ತೋರಿಸಿ ಉದ್ಯೋಗಿಯ ಲಾಗಿನ್ ಕೇಳಿದರೆ, ಆ ನೋಂದಣಿಯನ್ನು ತೆಗೆಯಬೇಕಾದವರು ಆ ಕಂಪನಿಯವರೇ. ಮ್ಯಾಕ್‌ಬುಕ್‌ನ ಆ್ಯಕ್ಟಿವೇಶನ್ ಲಾಕ್ ಹಳೆಯ ಮಾಲೀಕರ ಆ್ಯಪಲ್ ಖಾತೆಗೆ ಸೇರಿದ್ದು. ಬಯಾಸ್ ಪಾಸ್‌ವರ್ಡ್‌ಗೆ ಮದರ್‌ಬೋರ್ಡಿನ ಸಣ್ಣ ಸೆಲ್ ಬಿಚ್ಚಿದರೆ ಸಾಕೆಂಬುದು ಹಳೆಯ ಕಾಲದ ಮಾತು. ಈಗಿನ ಹೆಚ್ಚಿನ ಯಂತ್ರಗಳಲ್ಲಿ ಅದು ಕರೆಂಟಿಲ್ಲದೆಯೂ ಉಳಿಯುವ ಚಿಪ್‌ನಲ್ಲಿರುತ್ತದೆ, ತಯಾರಕರ ಸೇವಾ ಕೇಂದ್ರದವರು ಬಿಲ್ ಕೇಳುತ್ತಾರೆ. ಬಿಲ್ ಇಲ್ಲದೆ ಬಂದ ಇಂಥ ಯಂತ್ರಗಳ ಬೀಗವನ್ನು ನಾನು ಮುಟ್ಟುವುದಿಲ್ಲ.

ಬೀಗದ ಗಡಿಬಿಡಿಯಲ್ಲಿ ಜನ ಮರೆಯುವುದು ಮೊದಲ ಒಂದು ಗಂಟೆಯ ಕೆಲಸ. ವೈಫೈ ಆರಿಸಿ, ಬೇರೆ ಫೋನಿನಿಂದ ಇಮೇಲ್ ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದಲೂ ಸೈನ್ ಔಟ್ ಮಾಡಿ. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳೆಲ್ಲ ವಂಚಕನ ಕೈ ಸೇರಿವೆ ಎಂದೇ ಎಣಿಸಿ. ಗೂಗಲ್ ಖಾತೆಯ ರಿಕವರಿ ಫೋನ್ ಸಂಖ್ಯೆಯನ್ನು ವಂಚಕ ಬದಲಿಸಿದ್ದರೂ, 7 ದಿನಗಳವರೆಗೆ ಹಳೆಯ ಸಂಖ್ಯೆಯಿಂದ ಖಾತೆಯನ್ನು ಮರಳಿ ಪಡೆಯುವ ಅವಕಾಶ ಇರಬಹುದು. ಆ ವಾರವನ್ನು ಅಂಗಡಿಯಿಂದ ಅಂಗಡಿಗೆ ಅಲೆಯುವುದರಲ್ಲಿ ಕಳೆಯಬೇಡಿ. ಹಣ ಹೋಗಿದ್ದರೆ ಬ್ಯಾಂಕಿಗೂ 1930 ಸೈಬರ್ ವಂಚನೆ ಸಹಾಯವಾಣಿಗೂ ತಕ್ಷಣ ಕರೆ ಮಾಡಿ. ಪರದೆಯ ಫೋಟೋ, ಕರೆ ಬಂದ ಸಂಖ್ಯೆ, ಆ್ಯಪ್‌ನ ಹೆಸರು ಇವನ್ನು ಫಾರ್ಮ್ಯಾಟ್‌ಗೆ ಮೊದಲೇ ತೆಗೆದಿಟ್ಟು, ಹಾಸನದ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಯಲ್ಲಿ ದೂರು ಕೊಡಿ. ಬೇರೆಯವರ ಪಾಸ್‌ವರ್ಡನ್ನು ಮೋಸದಿಂದ ಬಳಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಡಿ 3 ವರ್ಷಗಳವರೆಗೆ ಶಿಕ್ಷೆಯಾಗುವ ಅಪರಾಧ.

ಇನ್‌ಸ್ಟಾಲ್ ಮುಗಿದ ಸಂಜೆ, ಹಳೆಯ ಮಾಲೀಕರು ತಮ್ಮ ಖಾತೆಯ ಸಾಧನಗಳ ಪಟ್ಟಿಯಿಂದ ಆ ಲ್ಯಾಪ್‌ಟಾಪನ್ನು ತೆಗೆದುಹಾಕಿದರು. ಹುಡುಗಿ ತನ್ನ ಖಾತೆಯಿಂದ ಲಾಗಿನ್ ಆದಾಗ ಹೊಸ ಕೀಲಿ ಹುಟ್ಟಿತು. ಅದನ್ನು ಮುದ್ರಿಸಿ ಕೊಟ್ಟೆ. ಅವಳ ತಂದೆ ಹಾಳೆಯನ್ನು ಎರಡು ಸಲ ಮಡಚಿ, ಪಹಣಿ ಮತ್ತು ಬ್ಯಾಂಕ್ ಪಾಸ್‌ಬುಕ್ ಇಡುವ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟುಕೊಂಡರು.