ಎದುರಾಳಿಯ ಬಲ ಅಳೆಯುವ ಲೆಕ್ಕ: ಐವತ್ತು ವರ್ಷಗಳ ಹಿನ್ನೆಲೆ

ಹುಬ್ಬಳ್ಳಿ-ಧಾರವಾಡದ ಕಾಲೇಜು ಕೋಣೆಗಳಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ಮೇಜಿನ ಸುತ್ತ ಕೂತು ಪಾತ್ರ ವಹಿಸಿ ದಾಳ ಉರುಳಿಸುವ ಕಥೆಯಾಟವನ್ನು ಆಡಿಸಲು ಹೊಸದಾಗಿ ಕೂತ ಪ್ರತಿಯೊಬ್ಬ ಡಂಜನ್ ಮಾಸ್ಟರ್ (ಆಟ ನಡೆಸುವವರು) ಎದುರಿಸುವ ಪ್ರಶ್ನೆ ಒಂದೇ: ಇಂಥ ಲೆವೆಲ್‌ನ, ಅಂದರೆ ಇಷ್ಟು ಪಳಗಿದ, ನಾಲ್ಕು ಪಾತ್ರಗಳ ಎದುರು ಯಾವ ರಾಕ್ಷಸನನ್ನು, ಎಷ್ಟು ಮಂದಿಯನ್ನು ನಿಲ್ಲಿಸಬೇಕು? ಹಾವೇರಿ, ಗದಗ ಕಡೆಯ ಜಾತ್ರೆಗಳ ಕುಸ್ತಿ ಕಣದಲ್ಲಿ ಜೋಡಿ ಹಚ್ಚುವ ಹಿರಿಯರಿಗೆ ಪೈಲ್ವಾನನ ಮೈಕಟ್ಟು ಮತ್ತು ಅವನು ಹಿಂದೆ ಆಡಿದ ಕುಸ್ತಿಗಳು ಗೊತ್ತಿದ್ದರೆ ಸಾಕು, ಏಕೆಂದರೆ ಅಲ್ಲಿ ಒಬ್ಬನಿಗೆ ಒಬ್ಬನೇ ಎದುರಾಳಿ. ಈ ಆಟದಲ್ಲಿ ನಾಲ್ವರ ಎದುರು ಒಂದು ಕರಡಿಯೂ ಬರಬಹುದು, ಗಾಬ್ಲಿನ್ ಎಂಬ ಎಂಟು ಕುಳ್ಳ ರಾಕ್ಷಸರೂ ಬರಬಹುದು. ಜೊತೆಗೆ ಹಿಂದಿನ ಕಾಳಗದ ಗಾಯವೂ ಖರ್ಚಾದ ಮಂತ್ರಗಳೂ ಮುಂದಿನ ಕಾಳಗಕ್ಕೆ ಬಾಕಿಯಾಗಿ ಬರುತ್ತವೆ. ಪುಸ್ತಕದಲ್ಲಿ ಅಚ್ಚಾದ ಅಂಕಿಯನ್ನು ರಾಕ್ಷಸನ ಬಲವೆಂದಷ್ಟೇ ಓದಿದರೆ ಲೆಕ್ಕ ತಪ್ಪುವುದು ಇದೇ ಕಾರಣಕ್ಕೆ. ಆ ಅಂಕಿಯ ಹಿಂದೆ ಒಂದು ತಂಡದ, ಕಥೆಯೊಳಗಿನ ಒಂದು ಇಡೀ ದಿನದ ಕಲ್ಪನೆ ಅಡಗಿದೆ, ಮತ್ತು ಆ ಕಲ್ಪನೆ ಆವೃತ್ತಿಯಿಂದ ಆವೃತ್ತಿಗೆ ಬದಲಾಗಿದೆ.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಮೊದಲ ಆವೃತ್ತಿಯನ್ನು ಹೊರತಂದಾಗ ಅಪಾಯದ ಅಳತೆ ಇದ್ದದ್ದು ಜಾಗದಲ್ಲಿ. ನೆಲಮಾಳಿಗೆಯ ಮೊದಲ ಅಂತಸ್ತಿನಲ್ಲಿ ಹೆಚ್ಚಾಗಿ ಸಣ್ಣ ಪ್ರಾಣಿಗಳು, ಕೆಳಗಿಳಿದಷ್ಟೂ ಘೋರವಾದವು. ಯಾವ ಪಟ್ಟಿಯಿಂದ ಯಾವುದು ಬರಬೇಕೆಂಬುದನ್ನು ದಾಳ ನಿರ್ಧರಿಸುತ್ತಿತ್ತು. ಎಷ್ಟು ಆಳಕ್ಕೆ ಇಳಿಯಬೇಕು, ಯಾವಾಗ ಓಡಬೇಕು ಎಂಬ ತೀರ್ಮಾನ ಆಟಗಾರರ ಕೈಯಲ್ಲಿತ್ತು, ಹೀಗಾಗಿ ಕಾಳಗ ಸರಿಸಮವಾಗಿರಬೇಕೆಂಬ ಹೊಣೆ ಡಂಜನ್ ಮಾಸ್ಟರ್ ಮೇಲೆ ಅಷ್ಟಾಗಿ ಬೀಳುತ್ತಿರಲಿಲ್ಲ. ಮರುವರ್ಷ ಕೆನ್ ಸೇಂಟ್ ಆಂಡ್ರೆ ಅವರ ಟನೆಲ್ಸ್ ಅಂಡ್ ಟ್ರೋಲ್ಸ್ ಎಂಬ ಇನ್ನೊಂದು ಆಟ ಬೇರೆ ದಾರಿ ಹಿಡಿದು, ರಾಕ್ಷಸನ ಹೊಡೆತವನ್ನೂ ತಾಳಿಕೆಯನ್ನೂ ಒಂದೇ ಅಂಕಿಯಲ್ಲಿ ಹಿಡಿದಿಟ್ಟಿತು.

ಅಳತೆ ಜಾಗವನ್ನು ಬಿಟ್ಟು ಪ್ರಾಣಿಯ ಮೈಗೆ ಸ್ಪಷ್ಟವಾಗಿ ಅಂಟಿಕೊಂಡದ್ದು 2000ದಲ್ಲಿ ಬಂದ ಮೂರನೇ ಆವೃತ್ತಿಯ ಚಾಲೆಂಜ್ ರೇಟಿಂಗ್‌ನಿಂದ. ರೇಟಿಂಗ್ 5 ಎಂದರೆ ಐದನೇ ಲೆವೆಲ್‌ನ ನಾಲ್ವರ ತಂಡಕ್ಕೆ ತಕ್ಕ ಎದುರಾಳಿ. ತಕ್ಕ ಎಂಬುದರ ಅರ್ಥವನ್ನೂ ಆ ಪುಸ್ತಕ ಬಿಡಿಸಿ ಹೇಳಿತ್ತು: ಆ ಕಾಳಗದಲ್ಲಿ ತಂಡದ ಶಕ್ತಿ, ಮದ್ದು, ಮಂತ್ರಗಳಲ್ಲಿ ಸುಮಾರು 20 ಪ್ರತಿಶತ ಖರ್ಚಾಗಬೇಕು, ಅಂದರೆ ದಿನಕ್ಕೆ ಅಂಥ ನಾಲ್ಕು ಕಾಳಗಗಳನ್ನು ತಂಡ ತಾಳಬೇಕು. ನೂರಕ್ಕೆ ಐದು ಕಾಳಗಗಳು ತಂಡದ ಶಕ್ತಿಗೆ ಮೀರಿದವೇ ಆಗಿರಬೇಕೆಂಬ ಸಲಹೆಯೂ ಅಲ್ಲಿತ್ತು. ನನ್ನ ಅಭಿಪ್ರಾಯದಲ್ಲಿ ಆ ಪುಸ್ತಕದ ಅತ್ಯಂತ ಪ್ರಾಮಾಣಿಕ ಭಾಗ ಇದೇ, ಮತ್ತು ಬಹಳ ಜನ ಓದದೆ ಬಿಟ್ಟ ಭಾಗವೂ ಇದೇ.

2008ರ ನಾಲ್ಕನೇ ಆವೃತ್ತಿ ಐವರ ತಂಡವನ್ನು ಇಟ್ಟುಕೊಂಡು, ಆಳಿಗೊಬ್ಬ ಎದುರಾಳಿ ಎಂಬ ಸರಳ ಬಜೆಟ್ ಮಾಡಿತು. ಒಂದೇ ಪೆಟ್ಟಿಗೆ ಉರುಳುವ ಮಿನಿಯನ್, ಇಬ್ಬರಿಗೆ ಸಮನಾದ ಎಲೀಟ್, ಐವರಿಗೆ ಸಮನಾದ ಸೋಲೊ ಎಂಬ ವರ್ಗಗಳು ಬಂದವು.

ಗೊಂದಲ ಹೆಚ್ಚಿದ್ದು 2014ರ ಐದನೇ ಆವೃತ್ತಿಯಲ್ಲಿ, ಅದಕ್ಕೆ ಕಾರಣವೂ ಇದೆ. ಈ ಆವೃತ್ತಿಯಲ್ಲಿ ಲೆವೆಲ್ ಏರಿದಂತೆ ದಾಳಕ್ಕೆ ಸೇರುವ ಪ್ರಾವೀಣ್ಯದ ಅಂಕಿ ನಿಧಾನವಾಗಿ, 2ರಿಂದ 6ರವರೆಗೆ ಮಾತ್ರ ಬೆಳೆಯುತ್ತದೆ. ಆದ್ದರಿಂದ ಸಣ್ಣ ಪ್ರಾಣಿಗಳು ಗುಂಪಾಗಿ ಬಂದರೆ ದೊಡ್ಡ ಲೆವೆಲ್‌ನವರಿಗೂ ಕಾಟ ತಪ್ಪುವುದಿಲ್ಲ. ಇದನ್ನು ಸರಿದೂಗಿಸಲು ಎದುರಾಳಿಗಳ ಸಂಖ್ಯೆಗೆ ತಕ್ಕಂತೆ ಗುಣಿಸುವ ನಿಯಮ ಬಂತು. ಮೊದಲ ಲೆವೆಲ್‌ನ ನಾಲ್ವರ ಎದುರು ಒಂದು ಕಂದು ಕರಡಿ ಬಂದರೆ ಅದರ ಎಕ್ಸ್‌ಪಿ (ಸೋಲಿಸಿದರೆ ಸಿಗುವ ಅನುಭವದ ಅಂಕ) 200, ಅಂದರೆ ಮಧ್ಯಮ ಕಾಳಗ. ತಲಾ 50ರ ನಾಲ್ಕು ಗಾಬ್ಲಿನ್‌ಗಳ ಮೊತ್ತವೂ 200, ಆದರೆ ಮೂರರಿಂದ ಆರು ಎದುರಾಳಿಗಳಿದ್ದರೆ ಎರಡರಿಂದ ಗುಣಿಸಬೇಕಾದ್ದರಿಂದ ಅದು 400 ಆಗಿ, ಪ್ರಾಣಾಂತಿಕ ಎಂಬ ಮೆಟ್ಟಿಲನ್ನು ಮುಟ್ಟುತ್ತದೆ. ಕರಡಿಯ ಸರದಿ ಸುತ್ತಿಗೊಮ್ಮೆ ಮಾತ್ರ ಬರುತ್ತದೆ. ಗಾಬ್ಲಿನ್‌ಗಳ ಸರದಿ ನಾಲ್ಕು ಬಾರಿ ಬರುತ್ತದೆ. ಅವು ಬಾಣ ಬಿಟ್ಟು ಅದೇ ಸರದಿಯಲ್ಲಿ ಅಡಗಿಕೊಳ್ಳಬಲ್ಲವು, ಒಂದೊಂದು ಬಾಣಕ್ಕೆ ಸರಾಸರಿ ಐದು ಹಿಟ್ ಪಾಯಿಂಟ್ (ಪಾತ್ರದ ಜೀವಬಲದ ಅಂಕ) ಹೋಗುತ್ತದೆ, ಮತ್ತು ಏಳು ಹಿಟ್ ಪಾಯಿಂಟ್‌ನ ಮಾಂತ್ರಿಕನಿಗೆ ಸಾಮಾನ್ಯವಾಗಿ ಎರಡೇ ಬಾಣ ಸಾಕು.

ಇದೇ ಪುಸ್ತಕ ದಿನಕ್ಕೆ ಆರರಿಂದ ಎಂಟು ಮಧ್ಯಮ ಅಥವಾ ಕಠಿಣ ಕಾಳಗಗಳನ್ನು ಲೆಕ್ಕಕ್ಕೆ ಹಿಡಿದಿತ್ತು. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಾವು ಭಾನುವಾರ ಸಂಜೆ ಕೂತರೆ ಒಂದು ಕಾಳಗ ಮುಗಿಯುವಷ್ಟರಲ್ಲಿ ಧಾರವಾಡಕ್ಕೆ ಹೋಗುವವರು ಬಸ್ಸಿನ ಹೊತ್ತು ನೋಡತೊಡಗುತ್ತಾರೆ. ಆ ಒಂದೇ ಕಾಳಗದಲ್ಲಿ ಆಟಗಾರರು ದಿನದ ಎಲ್ಲ ಮಂತ್ರಗಳನ್ನೂ ಸುರಿದುಬಿಡುವುದರಿಂದ, ಪುಸ್ತಕ ಕಠಿಣವೆಂದದ್ದು ನಮ್ಮ ಮೇಜಿನ ಮೇಲೆ ಸುಲಭವಾಗಿ ಮುಗಿಯುತ್ತದೆ.

ಇದೇ ಬಗೆಯ ಇನ್ನೊಂದು ಆಟವಾದ ಪಾತ್‌ಫೈಂಡರ್‌ನ 2019ರ ಎರಡನೇ ಆವೃತ್ತಿ ಸಣ್ಣ ಪ್ರಾಣಿಗಳ ಗುಂಪಿನ ತೊಡಕನ್ನು ಬುಡದಲ್ಲೇ ಬಿಡಿಸಿತು. ಅಲ್ಲಿ ಪಾತ್ರ ಪಳಗಿದ ಕೆಲಸಗಳಲ್ಲೆಲ್ಲ ದಾಳಕ್ಕೆ ಲೆವೆಲ್ಲೇ ಕೂಡುವುದರಿಂದ ಎರಡು ಲೆವೆಲ್‌ಗಳ ಅಂತರ ನಿಜಕ್ಕೂ ಭಾರವಾಗಿರುತ್ತದೆ. ನಾಲ್ವರ ತಂಡಕ್ಕೆ ಸಮ ಲೆವೆಲ್‌ನ ಎದುರಾಳಿಯ ಬೆಲೆ 40 ಎಕ್ಸ್‌ಪಿ, ಎರಡು ಲೆವೆಲ್ ಮೇಲಿನದು 80, ನಾಲ್ಕು ಮೇಲಿನದು 160. ಈ 160ರ ಕಾಳಗದಲ್ಲಿ ಎರಡೂ ಪಕ್ಷ ಸರಿಸಮ, ಅಂದರೆ ತಂಡ ಸೋಲಲೂಬಹುದು. ಒಂದೊಂದು ಕಾಳಗವನ್ನು ಅಳೆಯುವುದರಲ್ಲಿ ಇದಕ್ಕಿಂತ ನಂಬಿಕೆಗೆ ಅರ್ಹವಾದ ಪಟ್ಟಿಯನ್ನು ನಾನು ಬಳಸಿಲ್ಲ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2024ರ ಹೊಸ ಡಂಜನ್ ಮಾಸ್ಟರ್ ಕೈಪಿಡಿ ಗುಣಿಸುವ ನಿಯಮವನ್ನೂ ದಿನದ ಲೆಕ್ಕವನ್ನೂ ಕೈಬಿಟ್ಟು, ಕಡಿಮೆ, ಮಧ್ಯಮ, ಹೆಚ್ಚು ಎಂಬ ಮೂರು ಮೆಟ್ಟಿಲುಗಳನ್ನಷ್ಟೇ ಉಳಿಸಿಕೊಂಡಿದೆ. ಇದರಿಂದ ಲೆಕ್ಕ ಹಗುರಾಯಿತು. ಆದರೆ ಹತ್ತು ವರ್ಷ ಪ್ರಾಣಾಂತಿಕವೆನಿಸಿಕೊಂಡಿದ್ದ ಅವೇ 200 ಎಕ್ಸ್‌ಪಿಯ ನಾಲ್ಕು ಗಾಬ್ಲಿನ್‌ಗಳು ಮೊದಲ ಲೆವೆಲ್‌ನ ನಾಲ್ವರಿಗೆ ಈಗ ಕಡಿಮೆ ಅಪಾಯದ ಸಾಲಿನಲ್ಲಿ ಕೂತಿವೆ. ಸಂಜೆಗೊಂದೇ ಕಾಳಗ ಆಡುವ ನಮ್ಮಂಥವರಿಗೆ ಮೇಲಿನ ಲೆವೆಲ್‌ಗಳಲ್ಲಿ ಈ ಹೊಸ ಪಟ್ಟಿಯೇ ಹೆಚ್ಚು ಹೊಂದುತ್ತದೆ. ಮೊದಲ ಎರಡು ಲೆವೆಲ್‌ಗಳಲ್ಲಿ ಮಾತ್ರ ನಾನು ಇಂದಿಗೂ ಹಳೆಯ ಗುಣಾಕಾರ ಮಾಡಿ ನೋಡಿದ ಮೇಲೆಯೇ ಗಾಬ್ಲಿನ್‌ಗಳನ್ನು ಮೇಜಿಗೆ ಇಳಿಸುತ್ತೇನೆ.